ಬಟನ್ ಇದೆ, ವಯಸ್ಸೂ ಆಗಿದೆ: ಎರ್ಟಿಗಾಕ್ಕೆ ಎರಡು ಟೈರೋ, ನಾಲ್ಕೋ?

ಲೆಕ್ಕದ ಮೇಡಂ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸಣ್ಣದು, ಹಿನ್ನೆಲೆ ಉದ್ದದ್ದು. ಕೊಟ್ಟಿರುವ ಅಂಶಗಳನ್ನೆಲ್ಲ ಬರೆದುಕೊಳ್ಳದೆ ಲೆಕ್ಕಕ್ಕೆ ಕೈ ಹಾಕಬೇಡಿ ಎಂದು ಶಾಲೆಯಲ್ಲಿ ದಿನಕ್ಕೆ ಹತ್ತು ಸಲ ಹೇಳುವವಳು ನಾನು. ಹಾಗಾಗಿ ಪೂರ್ತಿ ಹೇಳುತ್ತೇನೆ, ತಾಳ್ಮೆ ಇರಲಿ.

ನಮ್ಮದು 2018ರ ಮಾರುತಿ ಎರ್ಟಿಗಾ, ಪೆಟ್ರೋಲ್. ಓಡಿರುವುದು 46 ಸಾವಿರ ಕಿಲೋಮೀಟರ್. ಸ್ಟೆಪ್ನಿ ಸೇರಿ ಐದೂ ಟೈರುಗಳು ಕಾರಿನ ಜೊತೆ ಬಂದವೇ. ಬದಿಯಲ್ಲಿ ಬರೆದಿರುವುದು 185/65 ಆರ್15 88ಎಸ್ (185 ಎಂದರೆ ಮಿಲಿಮೀಟರಿನಲ್ಲಿ ಅಗಲ, 65 ಎಂದರೆ ಬದಿಯ ಎತ್ತರ ಆ ಅಗಲದ ನೂರಕ್ಕೆ ಎಷ್ಟು ಎಂದು, 15 ಎಂದರೆ ರಿಮ್ಮಿನ ಅಂಗುಲ). ಮನೆಯಲ್ಲಿ ನಾವು ಆರು ಜನ: ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ಓಡಿಸುವವಳು ನಾನೊಬ್ಬಳೇ. ನಮ್ಮವರು ಅಡಿಕೆ ಮರದ ತುದಿಗೆ ಬೇಕಾದರೆ ಹತ್ತುತ್ತಾರೆ, ಘಾಟಿಯಲ್ಲಿ ಸ್ಟೀರಿಂಗ್ ಮಾತ್ರ ಹಿಡಿಯುವುದಿಲ್ಲ.

ಮಾವನವರ ಹೃದಯದ ತಪಾಸಣೆಗೆ ಎರಡು ತಿಂಗಳಿಗೊಮ್ಮೆ ಮಣಿಪಾಲಕ್ಕೆ ಹೋಗಬೇಕು. ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ಮೇಲೆ ಹೋಗುತ್ತೇವೆ. ಹದಿನಾಲ್ಕು ಹೇರ್‌ಪಿನ್ ತಿರುವುಗಳು ನನಗೆ ಈಗ ಮಗ್ಗಿಯಷ್ಟು ಬಾಯಿಪಾಠ.

ಕಳೆದ ಜುಲೈನಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ ಇಳಿಯುತ್ತಿದ್ದೆ. ಆಗುಂಬೆಯ ಮಳೆಯನ್ನು ವರ್ಣಿಸುವ ಅಗತ್ಯವಿಲ್ಲ. ಎರಡನೇ ಗೇರು, ವೇಗ ಇಪ್ಪತ್ತರ ಆಸುಪಾಸು. ಆರನೆಯದೋ ಏಳನೆಯದೋ ತಿರುವಿನಲ್ಲಿ ಎದುರಿಗೆ ಮಿನಿ ಬಸ್ ಕಾಣಿಸಿತು, ಬ್ರೇಕ್ ಒತ್ತಿದೆ. ಮುಂದಿನ ಚಕ್ರಗಳು ಹೇಳಿದ ಮಾತು ಕೇಳಿದವು. ಹಿಂಭಾಗ ಮಾತ್ರ ಒಂದು ಮೊಳದಷ್ಟು ಹೊರಕ್ಕೆ ಜಾರಿ ಮತ್ತೆ ನೆಲ ಹಿಡಿಯಿತು. ಹಿಂದಿನ ಸೀಟಿನಲ್ಲಿದ್ದ ಮಾವ 'ಏನಮ್ಮ, ಕಲ್ಲು ಸಿಕ್ಕಿತೇ?' ಎಂದರು. ಹೌದು ಮಾವ ಎಂದೆ. ಕಲ್ಲೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅಂದಿನಿಂದ ಆ ತಿರುವು ಬಂದಾಗಲೆಲ್ಲ ಅಂಗೈ ಬೆವರುತ್ತದೆ.

ಟೈರಿನ ಬಟನ್ (ನೆಲ ಮುಟ್ಟುವ ಮೈಮೇಲಿನ ಉಬ್ಬು ರಬ್ಬರ್) ಸವೆದಿರಬೇಕು ಎಂದುಕೊಂಡು ಅಳೆಯಲು ಕುಳಿತೆ. ಮಗಳ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಲ್ಲಿ ಸೊನ್ನೆ ತುದಿಯಿಂದ ಶುರುವಾಗುವುದಿಲ್ಲ, ಅರ್ಧ ಸೆಂಟಿಮೀಟರ್ ಬಿಟ್ಟು ಶುರುವಾಗುತ್ತದೆ. ಆದ್ದರಿಂದ ಹಿಡಿಕಡ್ಡಿಯೊಂದನ್ನು ಮುರಿದು ಗಾಡಿಯೊಳಗೆ ನಿಲ್ಲಿಸಿ, ಉಗುರಿನಿಂದ ಗುರುತು ಮಾಡಿ, ಅದನ್ನು ಸ್ಕೇಲಿನ ಮೇಲಿಟ್ಟು ನೋಡಿದೆ. (ಗಾಡಿ ಎಂದರೆ ಇಲ್ಲಿ ಟೈರಿನ ಮೈಮೇಲಿನ ಸೀಳು, ವಾಹನವಲ್ಲ. ನಮ್ಮ ಪಂಕ್ಚರ್ ಅಂಗಡಿಯವರು ಹಾಗೆ ಹೇಳುತ್ತಾರೆ, ನನಗೂ ಅಭ್ಯಾಸವಾಗಿದೆ.) ಮುಂದಿನವು ಮೂರೂವರೆ ಮಿಲಿಮೀಟರ್, ಹಿಂದಿನವು ಮೂರು. ಕಾನೂನಿನ ಕನಿಷ್ಠ ಮಿತಿ 1.6. ಅಂದರೆ ಬಟನ್ ಲೆಕ್ಕದಲ್ಲಿ ಎಲ್ಲವೂ ಪಾಸು.

ಆಮೇಲೆ ಬದಿಯಲ್ಲಿದ್ದ ನಾಲ್ಕಂಕಿಯ ಸಂಖ್ಯೆ ಕಣ್ಣಿಗೆ ಬಿತ್ತು: 2218. 2018ರ 22ನೇ ವಾರದಲ್ಲಿ ತಯಾರಾದದ್ದು ಎಂದು ಅರ್ಥವಂತೆ. ಹಾಗಾದರೆ 2026ರ ಈ ಜನವರಿಗೆ ಏಳೂವರೆ ವರ್ಷ.

ಈಗ ಸಲಹೆಗಳ ಸಂತೆ. ಊರಿನ ಮೆಕ್ಯಾನಿಕ್ 'ಎರಡು ಹೊಸದು ಹಾಕಿ, ಅವೆರಡೂ ಮುಂದಕ್ಕೆ, ಮುಂದಿನವು ಹಿಂದಕ್ಕೆ' ಎನ್ನುತ್ತಾರೆ. ಎರಡು ವರ್ಷದ ಹಿಂದೆಯೂ ಅವರೇ ಚೆನ್ನಾಗಿದ್ದವನ್ನು ಮುಂದಕ್ಕೂ ಸವೆದವನ್ನು ಹಿಂದಕ್ಕೂ ಬದಲಿಸಿದ್ದರು. ಬೆಂಗಳೂರಿನಲ್ಲಿರುವ ಮೈದುನ 'ಅತ್ತಿಗೆ, ನಾಲ್ಕನ್ನೂ ಬದಲಿಸಿ, 195/65 ಹಾಕಿಸಿಬಿಡಿ, ಅಗಲ ಹೆಚ್ಚಿದರೆ ಹಿಡಿತ ಹೆಚ್ಚು' ಎನ್ನುತ್ತಾನೆ. ಲೆಕ್ಕ ಹಾಕಿದೆ. ಈಗಿನ ಚಕ್ರದ ಎತ್ತರ 621.5 ಮಿಲಿಮೀಟರ್. 195/65 ಆದರೆ 634.5. ನೂರಕ್ಕೆ ಎರಡು ಹೆಚ್ಚು. ಮೀಟರ್ ನೂರು ತೋರಿಸುವಾಗ ಕಾರು ಈಗಿನದಕ್ಕಿಂತ ಎರಡು ಕಿಲೋಮೀಟರ್ ಜಾಸ್ತಿ ಓಡುತ್ತಿರುತ್ತದೆ. ಇದು ದೊಡ್ಡದೋ ಚಿಕ್ಕದೋ ನನಗೆ ತಿಳಿಯದು.

ಕೊನೆಗೆ ಶಿವಮೊಗ್ಗಕ್ಕೆ ಹೋದೆ. ಅಂಗಡಿಯ ಹೆಸರು ಬೇಡ. ಕೌಂಟರಿನಲ್ಲಿದ್ದವರು 'ಯಜಮಾನರನ್ನು ಕರೆದುಕೊಂಡು ಬನ್ನಿ ಮೇಡಂ, ಅವರಿಗೆ ವಿವರಿಸುತ್ತೇನೆ' ಎಂದರು. ಯಜಮಾನರು ಅಡಿಕೆ ಸುಲಿಸುತ್ತಿದ್ದಾರೆ, ನನಗೇ ವಿವರಿಸಿ ಎಂದೆ. ಒಂದು ಜೋಡಿಯನ್ನು ತೋರಿಸಿ ಭಾರಿ ರಿಯಾಯಿತಿ ಎಂದರು. ಹೊಳೆಯುತ್ತಿತ್ತು, ಮೇಲೆಲ್ಲ ಸಣ್ಣ ಸಣ್ಣ ರಬ್ಬರ್ ಕೂದಲು. ತಯಾರಿಕೆಯ ವಾರ ಎಲ್ಲಿದೆ ಎಂದು ಕೇಳಿದೆ. ಆ ಬದಿಯಲ್ಲಿ ಇರಲಿಲ್ಲ. ತಿರುಗಿಸಿ ಎಂದೆ. ಸ್ವಲ್ಪ ಹೊತ್ತು ಯೋಚಿಸಿ ತಿರುಗಿಸಿದರು. 3023. ಎರಡೂವರೆ ವರ್ಷ ಹಳೆಯದು. ವಂದಿಸಿ ಬಂದೆ.

ಈಗ ಹೇಳಿ. ಬಟನ್ ಇರುವ ಟೈರನ್ನು ಎಸೆಯುವುದು ದುಂದುಗಾರಿಕೆಯೇ? ಎರಡೋ, ನಾಲ್ಕೋ? ಎರಡಾದರೆ ಮುಂದೋ, ಹಿಂದೋ? ಅಳತೆ ಬದಲಿಸಬೇಕೇ? ಇಪ್ಪತ್ತೆರಡು ಸಾವಿರದ ಒಳಗೆ ಮುಗಿಯಬೇಕು, ಮಳೆಗಾಲಕ್ಕೆ ಮೊದಲೇ ಮುಗಿಯಬೇಕು.

ರಬ್ಬರ್ ತಾತ, ಮೈಸೂರು

ಮೇಡಂ, ಮೊದಲು ನನ್ನ ಪಕ್ಷಪಾತ ಹೇಳಿಬಿಡುತ್ತೇನೆ. ನಾನು ಮೈಸೂರಿನ ವಿಕ್ರಾಂತ್ ಟೈರ್ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದವನು. 1997ರಲ್ಲಿ ಅದು ಜೆಕೆ ಟೈರ್ ಕೈಗೆ ಹೋಯಿತು, ಯಂತ್ರಗಳ ಜೊತೆ ನಾನೂ ಹೋದೆ. ನಿವೃತ್ತಿಯ ತನಕ ಉಂಡ ಅನ್ನ ಅಲ್ಲಿಯದು. ಆದ್ದರಿಂದ ಯಾವ ಕಂಪನಿಯದು ಒಳ್ಳೆಯದು ಎಂದು ಮಾತ್ರ ನನ್ನನ್ನು ಕೇಳಬೇಡಿ. ನಾನು ಇದ್ದದ್ದು ಬೇಯಿಸುವ ವಿಭಾಗದಲ್ಲಿ. ಹೌದು, ಟೈರನ್ನು ಬೇಯಿಸುತ್ತಾರೆ. ಹಸಿ ಟೈರ್ ಜೇಡಿಮಣ್ಣಿನಂತೆ ಮೆತ್ತಗಿರುತ್ತದೆ. ಅದನ್ನು ಅಚ್ಚಿನೊಳಗೆ ಇಟ್ಟು, ಒಳಗಿನಿಂದ ಬಿಸಿ ಒತ್ತಡ ಕೊಟ್ಟರೆ ಗಂಧಕವು ರಬ್ಬರಿನ ಎಳೆಗಳನ್ನು ಒಂದಕ್ಕೊಂದು ಹೆಣೆಯುತ್ತದೆ. ಆಗ ಅದು ಟೈರಾಗುತ್ತದೆ. ನೀವು ನೋಡಿದ ರಬ್ಬರ್ ಕೂದಲು ಅಚ್ಚಿನ ಗಾಳಿರಂಧ್ರಗಳಿಗೆ ರಬ್ಬರ್ ನುಗ್ಗಿ ಮೂಡಿದ್ದು. ಆ ಕೂದಲಿದ್ದರೆ ಟೈರ್ ರಸ್ತೆ ಕಂಡಿಲ್ಲ ಎಂದಷ್ಟೇ ಅರ್ಥ, ನಿನ್ನೆ ಹುಟ್ಟಿತು ಎಂದಲ್ಲ. ಗೋದಾಮಿನಲ್ಲಿ ಹತ್ತು ವರ್ಷ ಮಲಗಿದ್ದರೂ ಆ ಮೀಸೆ ಉದುರುವುದಿಲ್ಲ.

ಈ ಬೇಯುವಿಕೆ ಅಚ್ಚಿನಿಂದ ಹೊರಬಂದ ಮೇಲೂ ನಿಲ್ಲುವುದಿಲ್ಲ ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ. ಬಿಸಿಲು, ಗಾಳಿಯ ಆಮ್ಲಜನಕ, ಓಝೋನ್, ಓಡುವಾಗಿನ ಕಾವು, ಇವೆಲ್ಲ ಸೇರಿ ರಬ್ಬರನ್ನು ವರ್ಷವರ್ಷವೂ ಗಡುಸು ಮಾಡುತ್ತಾ ಹೋಗುತ್ತವೆ. ಅದನ್ನು ತಡೆಯಲು ನಾವು ಮಿಶ್ರಣದಲ್ಲಿ ಒಂದು ಬಗೆಯ ಮೇಣ ಹಾಕುತ್ತೇವೆ. ಟೈರ್ ಉರುಳುತ್ತಾ ಬಾಗಿ ಬಳುಕಿದಾಗ ಅದು ಮೇಲ್ಮೈಗೆ ಬಂದು ಕಾಯುತ್ತದೆ. ನಿಂತೇ ಇರುವ ಕಾರಿನಲ್ಲಿ ಮೇಣ ಮೇಲಕ್ಕೆ ಬರುವುದಿಲ್ಲ. ಆದ್ದರಿಂದ ಕಡಿಮೆ ಓಡಿದ ಕಾರಿನ ಟೈರ್ ಹೆಚ್ಚು ಬಾಳುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಏಳೂವರೆ ವರ್ಷಕ್ಕೆ 46 ಸಾವಿರ ಎಂದರೆ ನಿಮ್ಮ ಟೈರುಗಳು ಸವೆದು ಸಾಯುವ ಮೊದಲು ಮುಪ್ಪಿನಿಂದ ಸಾಯುತ್ತಿವೆ. ಬದಿಗೋಡೆಯಲ್ಲೂ ಸೀಳುಗಳ ತಳದಲ್ಲೂ ಕೂದಲೆಳೆಯಂಥ ಬಿರುಕು ಇದೆಯೇ ನೋಡಿ. ಇದ್ದೇ ಇರುತ್ತದೆ.

ಆ ತಿರುವಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನೀವು ಅದನ್ನು ಅಷ್ಟು ಸ್ಪಷ್ಟವಾಗಿ ಬರೆದಿದ್ದೀರಿ. ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಟೈರ್ ನೀರಿನ ಮೇಲೆ ತೇಲುವುದಿಲ್ಲ. ತೇಲುವುದು ಹೆದ್ದಾರಿಯ ವೇಗದಲ್ಲಿ. ಬಟನ್ನಿನ ಆಳ ನೀರನ್ನು ಹೊರದೂಡಲು ಬೇಕಾಗುವುದೂ ಮುಖ್ಯವಾಗಿ ಅಲ್ಲಿಯೇ. ನಿಮ್ಮ ಹಿಂದಿನ ಚಕ್ರ ಜಾರಿದ್ದು ಬಟನ್ ಸಾಲದೆ ಅಲ್ಲ, ರಬ್ಬರ್ ಗಡುಸಾಗಿ. ಮೆತ್ತಗಿನ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳ ಒಳಗೆ ಇಳಿದು ಹಿಡಿಯುತ್ತದೆ. ಗಡುಸಾದದ್ದು ಅವುಗಳ ತಲೆಯ ಮೇಲೆ ಹಾದುಹೋಗುತ್ತದೆ. ಅದರ ಮೇಲೆ ಘಾಟಿಯ ಪಾಚಿ, ಲಾರಿ ಚೆಲ್ಲಿದ ಎಣ್ಣೆ. ಇನ್ನು ಹಿಂಭಾಗವೇ ಏಕೆ? ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಭಾರವೆಲ್ಲ ಮುಂದಕ್ಕೆ ಹೋಗುತ್ತದೆ, ಹಿಂದಿನ ಚಕ್ರಗಳು ಹಗುರಾಗುತ್ತವೆ. ಹಗುರಾದ ಕಡೆಯಲ್ಲೇ ಸವೆದ ಟೈರ್ ಇಟ್ಟಿದ್ದೀರಿ.

ಹಾಗಾಗಿ ನಾಲ್ಕೂ ಬದಲಿಸಿ. ದುಂದುಗಾರಿಕೆ ಎನ್ನುವವರಿಗೆ ಈ ತಿರುವಿನ ಕತೆ ಹೇಳಿ. ಎರಡೇ ಸಾಧ್ಯ ಎಂದಾದರೆ ಹೊಸವು ಹಿಂದಕ್ಕೆ ಹೋಗಬೇಕು, ಮುಂದಕ್ಕಲ್ಲ. ಮೆಕ್ಯಾನಿಕ್ ಒಪ್ಪುವುದಿಲ್ಲ, ನನಗೆ ಗೊತ್ತು. ನಲವತ್ತು ವರ್ಷದಿಂದ ಅವರೊಡನೆ ವಾದ ಮಾಡುತ್ತಿದ್ದೇನೆ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗುತ್ತದೆ, ಸ್ಟೀರಿಂಗ್ ಹಗುರಾಗಿ ಕೈಗೆ ತಿಳಿಯುತ್ತದೆ, ಕಾಲು ತಾನಾಗಿ ಆಕ್ಸಿಲರೇಟರ್ ಬಿಡುತ್ತದೆ. ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ. ಅದನ್ನು ಸರಿಪಡಿಸುವ ಕೈಚಳಕ ರೇಸಿನವರಿಗೆ ಇರಬಹುದು.

ಅಳತೆಯ ವಿಷಯದಲ್ಲಿ ಮೈದುನರ ಮಾತು ಬೇಡ. ಅಗಲದ ಹಿಂದೆ ಎತ್ತರವೂ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿದ್ದೀರಿ. 88 ಎಂದರೆ ಒಂದು ಟೈರ್ 560 ಕಿಲೋ ಹೊರಬಲ್ಲದು ಎಂದು. ಎಸ್ ಎಂದರೆ ಗಂಟೆಗೆ 180 ಕಿಲೋಮೀಟರ್ ವೇಗದ ಮಿತಿ. ಬದಲಿ ಟೈರ್ 88ಟಿ ಆಗಲಿ, 88ಎಚ್ ಆಗಲಿ, ತೊಂದರೆಯಿಲ್ಲ. ಇವುಗಳ ಮಿತಿ 190 ಮತ್ತು 210. ಅಂಕಿ ಮಾತ್ರ 88ಕ್ಕಿಂತ ಕೆಳಗೆ ಇಳಿಯಬಾರದು. 84 ಎಂದು ಬರೆದದ್ದನ್ನು ಕಡಿಮೆ ಬೆಲೆಗೆ ಕೊಟ್ಟರೆ, ಅದು 500 ಕಿಲೋದ ಟೈರ್. ಏಳು ಸೀಟಿನ ಕಾರಿಗೆ ಅಲ್ಲಿ ಜಿಪುಣತನ ಬೇಡ.

ಹೆಬ್ರಿ ಟ್ಯಾಕ್ಸಿ

ಟೀಚರೇ, ನೀವು ಇಳಿಯುವ ಘಾಟಿಯನ್ನು ನಾನು ದಿನಾ ಹತ್ತುವವನು. ತಾತನವರ ಓದಿಗೆ ಕೈಮುಗಿಯುತ್ತೇನೆ. ಆದರೆ ಹೊಸ ಟೈರ್ ಹಿಂದಕ್ಕೆ ಎಂಬುದು ನನಗೆ ಸರಿಕಾಣುವುದಿಲ್ಲ. ನಮ್ಮ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ, ತಿರುಗುವುದು ಮುಂದಿನ ಚಕ್ರ, ಬ್ರೇಕಿನ ಮುಕ್ಕಾಲು ಕೆಲಸ ಮುಂದಿನ ಚಕ್ರದ್ದು. ದುಡಿಯುವವನಿಗೆ ಹಳೆಯ ಚಪ್ಪಲಿ, ಕುಳಿತು ಬರುವವನಿಗೆ ಹೊಸದು ಎಂದಂತಾಯಿತು. ನಾನು ಯಾವಾಗಲೂ ಮುಂದಕ್ಕೇ ಹಾಕುವುದು, ದೇವರ ದಯೆಯಿಂದ ಇದುವರೆಗೆ ಏನೂ ಆಗಿಲ್ಲ.

ಅದು ಬಿಟ್ಟರೆ ಉಳಿದದ್ದೆಲ್ಲ ಒಪ್ಪಿಗೆ. ನಾನು ಸ್ವಿಫ್ಟ್ ಡಿಸೈರಿಗೆ ಎಂಆರ್‌ಎಫ್ ಝಡ್‌ವಿಟಿವಿ ಹಾಕುತ್ತೇನೆ, ಐವತ್ತೈದು ಸಾವಿರದವರೆಗೆ ಎಳೆಯುತ್ತೇನೆ. ಆದರೆ ನನ್ನ ಲೆಕ್ಕ ಬೇರೆ. ನನಗೆ ಅದು ಹದಿನೈದು ಹದಿನಾರು ತಿಂಗಳಲ್ಲಿ ಸವೆದು ಹೋಗುತ್ತದೆ, ಮುಪ್ಪು ಬರಲು ಪುರಸೊತ್ತೇ ಇಲ್ಲ. ಹೆಚ್ಚು ಬಾಳಿಕೆಯ ಗಟ್ಟಿ ಟೈರು ನನ್ನಂಥವನಿಗೆ ಸರಿ. ವರ್ಷಕ್ಕೆ ಆರು ಸಾವಿರ ಓಡಿಸುವ ನೀವು ಬಾಳಿಕೆಗೆ ಹಣ ಕೊಟ್ಟು ಏನು ಮಾಡುತ್ತೀರಿ? ಲಕ್ಷ ಕಿಲೋಮೀಟರ್ ಬರುವ ಟೈರ್ ಸಿಕ್ಕರೂ ಆರನೆಯ ವರ್ಷಕ್ಕೆ ಅದನ್ನು ತೆಗೆಯಲೇಬೇಕು. ಮಳೆಯಲ್ಲಿ ಹಿಡಿಯುವುದನ್ನು ಕೇಳಿ. ಮಿಷೆಲಿನ್, ಯೊಕೊಹಾಮಾ, ಬ್ರಿಜ್‌ಸ್ಟೋನ್ ಇವುಗಳನ್ನು ನನ್ನ ಗಿರಾಕಿಗಳು ಹೊಗಳುತ್ತಾರೆ. ಒಂದಕ್ಕೆ ಸಾವಿರ ಹೆಚ್ಚಾಗಬಹುದು.

ಇನ್ನೊಂದು ಮಾತು, ಗಾಳಿ. ಪೆಟ್ರೋಲ್ ಬಂಕಿನ ಹುಡುಗ ಆಟೊಕ್ಕೂ ಜೀಪಿಗೂ ಒಂದೇ ಅಂಕಿ ಒತ್ತುತ್ತಾನೆ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಚೀಟಿ ಅಂಟಿಸಿರುತ್ತಾರೆ. ಇಬ್ಬರಿದ್ದಾಗ ಎಷ್ಟು, ತುಂಬಿದಾಗ ಎಷ್ಟು ಎಂದು ಅದರಲ್ಲಿದೆ. ಟೈರಿನ ಬದಿಯಲ್ಲಿ ಕೆತ್ತಿರುವ ದೊಡ್ಡ ಅಂಕಿಯನ್ನು ನೋಡಿ ಅಷ್ಟು ಹೊಡೆಸುವವರಿದ್ದಾರೆ. ಅದು ಟೈರ್ ತಡೆಯುವ ಗರಿಷ್ಠ ಒತ್ತಡ, ನಮಗೆ ಬೇಕಾದದ್ದಲ್ಲ. ಗಾಳಿ ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ನೀವು ಆಗುಂಬೆ ತನಕ ಓಡಿಸಿ ಅಲ್ಲಿ ನೋಡಿದರೆ ಕಾವಿಗೆ ಅಂಕಿ ಏರಿರುತ್ತದೆ. ಹೆಚ್ಚಾಯಿತು ಎಂದು ಬಿಡಿಸಿದಿರೋ, ಮಾರನೆಯ ದಿನ ಟೈರ್ ಚಪ್ಪಟೆ.

ಮತ್ತೆ ಆ 'ಯಜಮಾನರನ್ನು ಕರೆದುಕೊಂಡು ಬನ್ನಿ' ಎಂದವರ ಅಂಗಡಿಗೆ ಹೋಗಲೇಬೇಡಿ.

ರಬ್ಬರ್ ತಾತ, ಮೈಸೂರು

ಹೆಬ್ರಿಯವರೇ, ಚಪ್ಪಲಿಯ ಹೋಲಿಕೆ ಚೆನ್ನಾಗಿದೆ, ನಾಳೆ ಗೆಳೆಯರಿಗೆ ಹೇಳುತ್ತೇನೆ. ಆದರೆ ಹೋಲಿಕೆ ಕುಂಟುತ್ತದೆ. ಹಿಂದಿನ ಚಕ್ರ ಕುಳಿತು ಬರುತ್ತಿಲ್ಲ, ಬಾಲ ಹಿಡಿದುಕೊಂಡು ಬರುತ್ತಿದೆ. ಬಾಲ ಕೈತಪ್ಪಿದರೆ ಎತ್ತು ಎಷ್ಟು ಗಟ್ಟಿಯಿದ್ದರೂ ಗಾಡಿ ಅಡ್ಡವಾಗುತ್ತದೆ. ನಿಮಗೆ ಏನೂ ಆಗದಿರಲು ಕಾರಣ ದೇವರ ದಯೆಯ ಜೊತೆಗೆ ಇನ್ನೊಂದೂ ಇದೆ: ನಿಮ್ಮ ಹಿಂದಿನ ಟೈರ್ ಎಂದೂ ಎರಡು ವರ್ಷ ದಾಟುವುದಿಲ್ಲ. ಮೆತ್ತಗಿರುವಾಗಲೇ ಬದಲಿಸುತ್ತೀರಿ. ಮುಂದಿನವು ಬೇಗ ಸವೆಯುತ್ತವೆ ಎಂಬುದು ನಿಜ. ಅದಕ್ಕೆ ಮದ್ದು ಎಂಟು ಹತ್ತು ಸಾವಿರಕ್ಕೊಮ್ಮೆ ಹಿಂದು ಮುಂದು ಬದಲಿಸುವುದು, ನಾಲ್ಕೂ ಒಂದೇ ಸಮ ಸವೆಯುತ್ತವೆ. ಆಗ ಈ ಜಗಳವೇ ಇರುವುದಿಲ್ಲ.

ಬಾಳಿಕೆಗೆ ಹಣ ಕೊಡಬೇಡಿ ಎಂದಿರಲ್ಲ, ನಾನು ಹೇಳಲು ಮರೆತದ್ದನ್ನು ನೀವು ಹೇಳಿದಿರಿ.

ವರ್ತುಲ ರಸ್ತೆ, ಬೆಂಗಳೂರು

ಮೇಡಂ, ನಿಮ್ಮ ಮೈದುನ ಹೇಳಿದ್ದನ್ನು ನಾನು ಮಾಡಿ ನೋಡಿದವಳು. ಬಲೆನೊಗೆ ಒಂದು ಅಳತೆ ದೊಡ್ಡದು ಹಾಕಿಸಿದೆ. ನೋಡಲು ಚೆಂದ. ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಮಡ್‌ಗಾರ್ಡಿನ ಒಳಗೆ ಸರ್ ಎಂದು ಉಜ್ಜುವ ಸದ್ದು. ಮೈಲೇಜ್ ಕಡಿಮೆಯಾಯಿತು. ಸ್ಟೆಪ್ನಿ ಮಾತ್ರ ಹಳೆಯ ಅಳತೆಯದೇ ಉಳಿದಿತ್ತು, ಪಂಕ್ಚರ್ ಆದ ದಿನ ಒಂದು ಕಾಲಿಗೆ ಹೈಹೀಲ್ಡ್, ಇನ್ನೊಂದಕ್ಕೆ ಹವಾಯಿ ಎಂಬ ಸ್ಥಿತಿ.

ನೈಟ್ರೋಜನ್ ಬೇಕೇ ಎಂದು ಅಂಗಡಿಯವರು ಕೇಳಿಯೇ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಪುಕ್ಕಟೆ ಕೊಟ್ಟರೆ ತೆಗೆದುಕೊಳ್ಳಿ.

ಬಿಲ್ ಪಕ್ಕಾ ಬರೆಸಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಟೈರಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹಳೆಯ ಬೆಲೆಪಟ್ಟಿ ತೋರಿಸಿ, ಅದರ ಮೇಲೆ 'ನಿಮಗಾಗಿ ರಿಯಾಯಿತಿ' ಎಂದು ಸರ್ಕಾರ ಇಳಿಸಿದ್ದನ್ನೇ ನಿಮಗೆ ಉಡುಗೊರೆಯಾಗಿ ಕೊಡಬಹುದು.

ಲೆಕ್ಕದ ಮೇಡಂ, ತೀರ್ಥಹಳ್ಳಿ

ಮೂರು ವಾರವಾಯಿತು, ಕೆಲಸ ಮುಗಿಯಿತು. ಉತ್ತರಿಸಿದವರಿಗೆ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೊದಲು ಬಿರುಕು ನೋಡಿದೆ. ಬೆಳಕಿಗೆ ಹಿಡಿದು ಕಾರನ್ನು ಸ್ವಲ್ಪ ಮುಂದೆ ಹಿಂದೆ ಉರುಳಿಸುತ್ತಾ ನೋಡಿದರೆ, ತಾತನವರು ಹೇಳಿದಂತೆಯೇ, ನಾಲ್ಕೂ ಟೈರಿನ ಸೀಳುಗಳ ತಳದಲ್ಲಿ ಬೇಸಿಗೆಯ ಗದ್ದೆಯಂಥ ಬಿರುಕು. ಅಷ್ಟು ವರ್ಷ ಕಾರು ತೊಳೆಯುವಾಗ ಕಣ್ಣಿಗೆ ಬಿದ್ದಿರಲಿಲ್ಲ. ಹಿಂದಿನ ಎಡಗಡೆಯ ಟೈರಿನ ಒಳಬದಿಯಲ್ಲಿ ನೆಲ್ಲಿಕಾಯಿಯಷ್ಟು ಗುಳ್ಳೆಯೂ ಇತ್ತು. ಯಾವುದೋ ಗುಂಡಿಯಲ್ಲಿ ಬಿದ್ದಾಗ ಒಳಗಿನ ನೂಲು ಕಡಿದಿರಬೇಕು. ಅದನ್ನು ನೋಡಿದ ಮೇಲೆ ಎರಡೋ ನಾಲ್ಕೋ ಎಂಬ ಪ್ರಶ್ನೆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಬೇರೆ ಎರಡು ಅಂಗಡಿಗಳಿಗೆ ಮೊದಲೇ ಫೋನು ಮಾಡಿ, 'ನಾಲ್ಕೂ ಒಂದೇ ಮಾದರಿ, ಆರು ತಿಂಗಳ ಒಳಗೆ ತಯಾರಾದದ್ದು, 88ಕ್ಕೆ ಕಡಿಮೆಯಿಲ್ಲದ್ದು ಇದ್ದರೆ ಮಾತ್ರ ಬರುತ್ತೇನೆ' ಎಂದೆ. ಒಬ್ಬರು ನಕ್ಕರು. ಇನ್ನೊಬ್ಬರು ಟೈರುಗಳ ಬದಿಯ ಫೋಟೊ ತೆಗೆದು ಕಳುಹಿಸಿದರು. 4525, ನಾಲ್ಕರಲ್ಲೂ. ಅವರಲ್ಲಿಗೆ ಹೋದೆ. ಬ್ರಿಜ್‌ಸ್ಟೋನ್, ಅದೇ 185/65 ಆರ್15, 88ಎಚ್. ಒಂದಕ್ಕೆ 5,200 ರೂಪಾಯಿ. ಹಳೆಯ ಬೆಲೆಪಟ್ಟಿಯನ್ನು ಅವರು ತೋರಿಸಲಿಲ್ಲ, ಆದರೂ ನಾನು ಬಿಲ್ಲಿನಲ್ಲಿ ತೆರಿಗೆಯ ಸಾಲು ಓದಿದೆ, 18 ಎಂದೇ ಇತ್ತು. ಹೊಸ ವಾಲ್ವು, ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಮಾಡುವುದು) ಎಲ್ಲ ಸೇರಿ 1,400. ಹಳೆಯ ಟೈರಿಗೆ ಒಂದಕ್ಕೆ ಇನ್ನೂರು ಕೊಡುತ್ತೇವೆ ಎಂದರು. ಮೂರನ್ನು ಕೊಟ್ಟೆ. ಒಟ್ಟು 21,600. ನನ್ನ ಮಿತಿಗಿಂತ ನಾನೂರು ಕಡಿಮೆ. ಆ ನಾನೂರರಲ್ಲಿ ನಾವು ಮೂವರು ಮಸಾಲೆ ದೋಸೆ ತಿಂದೆವು.

ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಮುಂದಿನ ಬಲಗಡೆಯ ಅಂಕಿ ಕೆಂಪಾಗಿತ್ತು. ಅಲ್ಲಿ ಕೆಲಸ ಮಾಡುತ್ತಿದ್ದ ಹುಡುಗ ಹಳೆಯ ಟೈರನ್ನು ತಂದು ತೋರಿಸಿ, 'ಇದರ ಒಳಅಂಚು ಹೊರಅಂಚಿಗಿಂತ ಹೆಚ್ಚು ಸವೆದಿದೆ, ಕೈಯಿಟ್ಟು ನೋಡಿ' ಎಂದ. ನಾನು ಅಳೆದದ್ದು ನಡುವಿನ ಸೀಳಿನಲ್ಲಿ ಮಾತ್ರ! ಒಂದೇ ಬಿಂದುವಿನಲ್ಲಿ ಅಳೆದು ಸರಾಸರಿ ಹೇಳುವ ವಿದ್ಯಾರ್ಥಿಗೆ ನಾನು ಎಷ್ಟು ಅಂಕ ಕೊಡುತ್ತೇನೆ ಎಂದು ನನ್ನ ಮಗಳಿಗೆ ಗೊತ್ತು. ಅವಳು ಪಕ್ಕದಲ್ಲೇ ನಿಂತಿದ್ದಳು, ಏನೂ ಹೇಳಲಿಲ್ಲ, ನಕ್ಕಳು ಅಷ್ಟೆ. ನಡು ಹೆಚ್ಚು ಸವೆದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದರೆ ಗಾಳಿ ಕಡಿಮೆಯಿತ್ತು, ಒಂದೇ ಅಂಚಾದರೆ ಅಲೈನ್‌ಮೆಂಟ್ ತಪ್ಪಿತ್ತು ಎಂದು ಆ ಹುಡುಗ ವಿವರಿಸಿದ. ಯಜಮಾನರನ್ನು ಕೇಳಲಿಲ್ಲ.

ಸ್ಟೆಪ್ನಿಯನ್ನು ಹೊರತೆಗೆದಾಗ ಅದರಲ್ಲಿ ಗಾಳಿಯೇ ಇರಲಿಲ್ಲ. ಏಳೂವರೆ ವರ್ಷ ನೆಲ ಮುಟ್ಟದ ಟೈರ್, ಬಟನ್ ಹೊಸದರಂತೆ. ಅದಕ್ಕೂ ವಯಸ್ಸು ಅಷ್ಟೇ ಎಂದು ಈಗ ನನಗೆ ಗೊತ್ತು. ಗಾಳಿ ತುಂಬಿಸಿ ಇಟ್ಟಿದ್ದೇನೆ. ಪಂಕ್ಚರ್ ಅಂಗಡಿಯವರೆಗೆ ನಿಧಾನವಾಗಿ ಮುಟ್ಟಿಸುವುದಷ್ಟೇ ಅದರ ಕೆಲಸ.

ಹೊಸ ಟೈರಿನ ಮೇಲೆ ಮೊದಲ ಇನ್ನೂರು ಕಿಲೋಮೀಟರ್ ಮೆಲ್ಲಗೆ ಹೋಗಿ, ಅಚ್ಚಿನ ಜಿಡ್ಡು ಸವೆಯಲಿ ಎಂದು ಅಂಗಡಿಯವರು ಹೇಳಿದ್ದರು. ಮೊನ್ನೆ ಮಣಿಪಾಲಕ್ಕೆ ಹೋಗಿ ಬಂದೆವು. ಮಳೆಯಿಲ್ಲ, ಆದ್ದರಿಂದ ಹಿಡಿತದ ಬಗ್ಗೆ ಈಗಲೇ ಪ್ರಮಾಣಪತ್ರ ಕೊಡುವುದಿಲ್ಲ, ಜೂನ್ ಬರಲಿ. ಸದ್ದು ಮಾತ್ರ ಕಡಿಮೆಯಾಗಿದೆ. ಹೆಬ್ರಿ ದಾಟಿದ ಮೇಲೆ ಮಾವ 'ಕಿಟಕಿ ಹಾಕಿದ್ದೀಯಾ?' ಎಂದರು. ಕಿಟಕಿ ಮೊದಲಿನಿಂದಲೂ ಹಾಕಿಯೇ ಇತ್ತು.

ನಾಲ್ಕನೆಯ ಹಳೆಯ ಟೈರಿನ ಬಗ್ಗೆ ತಾತನವರಿಗೆ ಒಂದು ಪ್ರಶ್ನೆ. ಗುಳ್ಳೆಯಿಲ್ಲದ ಒಂದನ್ನು ಮಗಳು ಹಲಸಿನ ಮರಕ್ಕೆ ಜೋಕಾಲಿ ಕಟ್ಟಲು ಹಟ ಹಿಡಿದು ತಂದಿದ್ದಾಳೆ. ಆಶಾ ಕಾರ್ಯಕರ್ತೆ ಬಂದವರು 'ಟೈರಿನಲ್ಲಿ ನೀರು ನಿಂತರೆ ಡೆಂಗಿ ಸೊಳ್ಳೆ' ಎಂದು ಎಚ್ಚರಿಸಿ ಹೋಗಿದ್ದಾರೆ. ನೀರು ಇಳಿಯಲು ತೂತು ಮಾಡಬೇಕು. ನಮ್ಮವರು ಕೆಳಭಾಗಕ್ಕೆ ಡ್ರಿಲ್ ಹಿಡಿದರೆ ಎರಡು ಬಿಟ್ ಮುರಿದವು, ತೂತು ಆಗಲಿಲ್ಲ.

ರಬ್ಬರ್ ತಾತ, ಮೈಸೂರು

ಮುರಿಯದೆ ಏನಾಗುತ್ತದೆ ಮೇಡಂ! ಬಟನ್ನಿನ ಕೆಳಗೆ ಉಕ್ಕಿನ ತಂತಿಯ ಪಟ್ಟಿಗಳಿವೆ. ಅಲ್ಲಿ ಕೊರೆದರೆ ತಂತಿಯ ತುದಿಗಳು ಒಳಗೆ ಮುಳ್ಳಿನಂತೆ ಎದ್ದು ನಿಲ್ಲುತ್ತವೆ, ಮಗುವಿನ ಕೈಗೆ ಗೀರುತ್ತವೆ. ಬದಿಗೋಡೆಯಲ್ಲಿ ಉಕ್ಕಿಲ್ಲ, ಬಟ್ಟೆಯ ನೂಲು ಮಾತ್ರ. ನಿಮ್ಮ ಇನ್ನೊಂದು ಟೈರಿನಲ್ಲಿ ಕಡಿದು ಗುಳ್ಳೆ ಎಬ್ಬಿಸಿದ್ದು ಅದೇ ನೂಲು. ಆದ್ದರಿಂದ ಜೋಕಾಲಿಯನ್ನು ನಿಲ್ಲಿಸಿ ಕಟ್ಟಬೇಡಿ, ತಟ್ಟೆಯಂತೆ ಮಲಗಿಸಿ ಮೂರು ಹಗ್ಗದಲ್ಲಿ ಕಟ್ಟಿ. ಕೆಳಗೆ ಬರುವ ಬದಿಗೋಡೆಯಲ್ಲಿ, ಬಟನ್ನಿಗೆ ಹತ್ತಿರವಾಗಿ, ಹರಿತವಾದ ಚಾಕುವನ್ನು ಸಾಬೂನು ನೀರಿನಲ್ಲಿ ಅದ್ದಿಕೊಂಡು ಐದಾರು ಕಡೆ ರೂಪಾಯಿ ಅಗಲದ ತೂತು ಮಾಡಿ. ಬೆಣ್ಣೆಯಂತೆ ಅಲ್ಲದಿದ್ದರೂ ಕತ್ತರಿಸುತ್ತದೆ. ರಿಮ್ಮಿಗೆ ಕೂರುವ ಒಳಅಂಚಿನ ದಪ್ಪ ಬಳೆಯನ್ನು ಮುಟ್ಟಬೇಡಿ, ಅದರೊಳಗೂ ತಂತಿಯ ಕಟ್ಟು ಇದೆ.

ನಿಮ್ಮವರು ಈಗಾಗಲೇ ಕೊರೆಯಲು ನೋಡಿದ ಜಾಗವನ್ನು ಒಳಗಿನಿಂದ ಕೈ ಆಡಿಸಿ ನೋಡಿ. ತಂತಿ ಎದ್ದಿದ್ದರೆ ಇಕ್ಕಳದಿಂದ ಕತ್ತರಿಸಿ, ಮೇಲೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿ. ಜೂನ್ ಮಳೆಯಲ್ಲಿ ಆ ತಿರುವು ಹೇಗಿತ್ತು ಎಂದು ಬರೆಯುವುದನ್ನು ಮರೆಯಬೇಡಿ. ಹೆಬ್ರಿಯವರೂ ಕಾಯುತ್ತಿರುತ್ತಾರೆ.